ಮೇಲೆ ಚಿಲಕವಿರುವ ರೂಮು

ನನ್ನ ಹೆಂಡತಿ ಪಾರ್ವತಿಗೆ ಮರೆವಿನ ಕಾಯಿಲೆ. ನಾಲ್ಕು ವರ್ಷದ ಹಿಂದೆ ಒಲೆಯ ಮೇಲೆ ಹಾಲಿಟ್ಟು ಮರೆಯುವುದರಿಂದ ಶುರುವಾಯಿತು. ಹಾಲು ಮರೆಯದವರು ಯಾರು ಎಂದು ನಾನೂ ಸುಮ್ಮನಿದ್ದೆ. ಆಮೇಲೊಂದು ದಿನ ತುಮಕೂರಿನ ಶಿರಾ ಗೇಟಿನ ನಮ್ಮ ಮನೆಯಿಂದ ಕೊತ್ತಂಬರಿ ಸೊಪ್ಪು ತರಲು ಹೋದವಳು ಹೆಬ್ಬೂರಿನ ಬಸ್ಸು ಹತ್ತಿ ಕೂತಿದ್ದಳು. ಹೆಬ್ಬೂರು ಅವಳ ತವರು. ಅಲ್ಲಿ ಈಗ ನಮ್ಮವರು ಯಾರೂ ಇಲ್ಲ. ಕಂಡಕ್ಟರ್ ಫೋನ್ ಮಾಡಿದ. "ಸಾರ್, ಅಮ್ಮಾರು ನಮ್ ಗಾಡೀಲವ್ರೆ. ಟಿಕೆಟ್ ಕೇಳಿದ್ರೆ, ನಮ್ ರತ್ನನ ಸ್ಕೂಲ್ ಬಿಡೋ ಹೊತ್ತಾಯ್ತು, ಬೇಗ ಬುಡಪ್ಪ ಅಂತವ್ರೆ."

ಗುಬ್ಬಿಯ ಗದ್ದಿಗೆಯಲ್ಲಿರುವ ನಮ್ಮ ದೇವರು ಗುಬ್ಬಿಯಪ್ಪನನ್ನು ನಂಬಿ ಇದನ್ನು ಓದುತ್ತಿರುವ ನಿಮಗೆಲ್ಲ ನನ್ನ ಪರಿಚಯ ಹೇಳಬೇಕು. ನಾನು ಶಿವರುದ್ರಯ್ಯ. ಮೂವತ್ತನಾಲ್ಕು ವರ್ಷ ಬಸ್ಸುಗಳ ಜೊತೆ ಕಳೆದವನು. ಕೊನೆಯ ಹನ್ನೊಂದು ವರ್ಷ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಕೂತು, ಬಸ್ಸು ಬಂದ ಹೊತ್ತು, ಬಿಟ್ಟ ಹೊತ್ತು ಬರೆದೆ. ಅದಕ್ಕಿಂತ ಉದ್ದದ್ದನ್ನು ಬರೆಯುತ್ತಿರುವುದು ಇದೇ ಮೊದಲು. ತುಮಕೂರು ಕಡೆಯ ಅರ್ಧದಷ್ಟು ಡ್ರೈವರ್ ಕಂಡಕ್ಟರುಗಳಿಗೆ ಪಾರ್ವತಿಯ ಮುಖ ಗೊತ್ತು. ಮೂರು ಸಲ ಹೀಗೆ ಹೋದಳು. ಮೂರು ಸಲವೂ ಬಸ್ಸಿನಲ್ಲೇ ಸಿಕ್ಕಳು, ಮೂರು ಸಲವೂ ಯಾರೋ ಒಬ್ಬರು ಕೈ ಹಿಡಿದು ತಂದು ಬಿಟ್ಟರು.

ರತ್ನ ಅಂದರೆ ಪಾರ್ವತಿಯ ತಂಗಿ, ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವಳು. ತಾಯಿ ಹೋದಾಗ ರತ್ನನಿಗೆ ಐದು ವರ್ಷ. ಅಲ್ಲಿಂದ ಅವಳಿಗೆ ತಲೆ ಬಾಚಿ, ಊಟ ಹಾಕಿ, ಸ್ಕೂಲಿಗೆ ಬಿಟ್ಟು ಕರೆತಂದವಳು ಪಾರ್ವತಿ. ನನ್ನನ್ನು ಮದುವೆಯಾಗಿ ಬರುವಾಗ ಅವಳನ್ನೂ ಕರೆದುಕೊಂಡೇ ಬಂದಳು. ಮುಂದೆ ಗುಬ್ಬಿಯಲ್ಲಿ ಪೈಪು ನಲ್ಲಿಗಳ ಅಂಗಡಿ ಇಟ್ಟಿರುವ ನಂಜುಂಡಪ್ಪನಿಗೆ ಅವಳನ್ನು ಕೊಟ್ಟು ಧಾರೆ ಎರೆದವರೂ ನಾವೇ. ಹಾಗಾಗಿ ನಂಜುಂಡಪ್ಪ ನನಗೆ ಷಡ್ಡಕ. ನನ್ನನ್ನು ಅಣ್ಣ ಅನ್ನುತ್ತಾನೆ.

ರತ್ನನಿಗೆ ಏಳು ವರ್ಷವಿದ್ದಾಗ ಟೈಫಾಯ್ಡ್ ಬಂದು ತುಮಕೂರಿನ ಆಸ್ಪತ್ರೆಯಲ್ಲಿ ಮೂರು ವಾರ ಮಲಗಿದ್ದಳಂತೆ. ಒಂದು ದಿನ ಡಾಕ್ಟರು ಏನನ್ನೂ ಹೇಳದೆ ಹೊರಗೆ ಹೋದರು. ಆಗ ಹತ್ತೊಂಬತ್ತರ ಪಾರ್ವತಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಗುಬ್ಬಿಯಪ್ಪನಿಗೆ ಹರಕೆ ಹೊತ್ತಳು: ಈ ಮಗು ಉಳಿದರೆ ನನ್ನ ಕೈಯಾರೆ ಇವಳನ್ನು ಕಾಶಿಗೆ ಕರೆದುಕೊಂಡು ಹೋಗಿ ಗಂಗೆಯ ನೀರಿನಲ್ಲಿ ಲಿಂಗಪೂಜೆ ಮಾಡಿಸುತ್ತೇನೆ. ಮಗು ಉಳಿಯಿತು. ಹರಕೆ ಮಾತ್ರ ಉಳಿದುಕೊಂಡೇ ಬಂತು. ನನಗೆ ರಜೆ ಸಿಗಲಿಲ್ಲ, ವರ್ಗಾವಣೆಯಾಯಿತು, ರತ್ನನಿಗೆ ಬಾಣಂತನ, ಹೀಗೆ ನಲವತ್ತು ವರ್ಷಕ್ಕೆ ಹತ್ತಿರ ಬಂತು. ಹೋದ ವರ್ಷ ಬೆಂಗಳೂರಿನ ಡಾಕ್ಟರು ಪಾರ್ವತಿಯ ಸ್ಕ್ಯಾನ್ ನೋಡಿ ನನ್ನನ್ನು ಪಕ್ಕಕ್ಕೆ ಕರೆದು, "ಎಲ್ಲಾದ್ರೂ ಹೋಗೋದಿದ್ರೆ ಈಗ್ಲೇ ಹೋಗ್ಬನ್ನಿ ಯಜಮಾನ್ರೇ. ಆಮೇಲೆ ಅವ್ರಿಗೆ ಹೋಗಿದ್ದೂ ಗೊತ್ತಾಗಲ್ಲ" ಅಂದರು.

ಟೂರ್ ಕಂಪನಿಯ ಬಸ್ಸು ನಮಗೆ ಆಗುವಂಥದ್ದಲ್ಲ. ಅವರು ಸ್ನಾನಕ್ಕೆ ಹತ್ತು ನಿಮಿಷ ಕೊಡುತ್ತಾರೆ, ಪಾರ್ವತಿಗೆ ಸೀರೆಯ ನೆರಿಗೆ ಹಿಡಿಯಲು ಅರ್ಧ ಗಂಟೆ ಬೇಕು. ನಾವೇ ನಾಲ್ವರು ಹೋಗುವುದು, ದಾರಿ ನಾನು ಹಾಕುವುದು, ರೂಮನ್ನು ನಂಜುಂಡಪ್ಪ ತನ್ನ ಮೊಬೈಲಿನಲ್ಲಿ ತನ್ನ ಹೆಸರಲ್ಲಿ ಬುಕ್ ಮಾಡುವುದು ಎಂದು ತೀರ್ಮಾನವಾಯಿತು. ಆರು ತಿಂಗಳು ಪ್ರತಿ ಭಾನುವಾರ ಪಾರ್ವತಿಯನ್ನು ಕರೆದುಕೊಂಡು ಗುಬ್ಬಿಗೆ ಹೋದೆ. ರತ್ನ ಉಪ್ಪಿಟ್ಟು ಮಾಡುತ್ತಿದ್ದಳು. ನಾನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬಸ್ಸಿನ ಶೆಡ್ಯೂಲ್ ಬರೆಯುವ ಹಾಗೆಯೇ ಬರೆದೆ: ಎಷ್ಟಕ್ಕೆ ಏಳುವುದು, ಎಷ್ಟಕ್ಕೆ ಬಿಡುವುದು, ಎಲ್ಲಿ ಟೀ, ಎಲ್ಲಿ ಶೌಚಾಲಯ. ಕಾಶಿಯಲ್ಲಿ ನಾಲ್ಕು ದಿನ, ಅಲ್ಲಿಂದ ಉಜ್ಜಯಿನಿ, ಓಂಕಾರೇಶ್ವರ, ವಾಪಸ್. "ಅಣ್ಣ, ನೀವು ಪ್ಲಾನ್ ಹಾಕಿದ್ರೆ ಯಮನೂ ಟೈಮಿಗೆ ಸರಿಯಾಗಿ ಬರ್ಬೇಕು ಬುಡಿ" ಎಂದು ನಂಜುಂಡಪ್ಪ ನಗಾಡುತ್ತಿದ್ದ.

ಒಂದೊಂದು ಹೋಟೆಲಿಗೂ ನಾನೇ ಫೋನ್ ಮಾಡಿದೆ. ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದೆ: ಬಾಗಿಲಿಗೆ ಮೇಲ್ಗಡೆ ಚಿಲಕ ಇದೆಯಾ? ಪಾರ್ವತಿ ಕೈಗೆ ಎಟುಕುವ ಚಿಲಕವನ್ನು ತೆಗೆಯುತ್ತಾಳೆ, ತಲೆ ಎತ್ತಿ ಮೇಲೆ ನೋಡುವುದಿಲ್ಲ. ಇದು ನಾನು ಮನೆಯಲ್ಲಿ ಕಂಡುಕೊಂಡದ್ದು. ನನ್ನ ಹಿಂದಿ ಬಸ್ ಸ್ಟ್ಯಾಂಡಿನ ಹಿಂದಿ. "ದರವಾಜಾ ಊಪರ್ ಚಿಟಕನಿ ಹೈ ಕ್ಯಾ" ಎಂದರೆ ಆ ಕಡೆಯವರು ಇವನಿಗೇನೋ ತಲೆ ಕೆಟ್ಟಿದೆ ಎಂದು ಇಟ್ಟುಬಿಡುತ್ತಿದ್ದರು. ರತ್ನ ಬಿದ್ದು ಬಿದ್ದು ನಗುತ್ತಿದ್ದಳು. ಕಾಶಿಯಲ್ಲಿ ಒಂಬತ್ತನೆಯ ಹೋಟೆಲಿನವರು ಪುಣ್ಯಾತ್ಮರು, ಎದ್ದು ಹೋಗಿ ನೋಡಿ ಬಂದು, ನೆಲಮಹಡಿಯ ಮೂರನೇ ನಂಬರಿನ ರೂಮಿಗೆ ಇದೆ ಎಂದರು. ಪಕ್ಕದ ನಾಲ್ಕನೇ ರೂಮು ರತ್ನನಿಗೆ. ಎರಡೂ ಬುಕ್ ಆಯಿತು. ನೋಟ್‌ಬುಕ್ಕನ್ನು ನಂಜುಂಡಪ್ಪ ಗುಬ್ಬಿಯಲ್ಲೇ ಜೆರಾಕ್ಸ್ ಮಾಡಿಸಿ ಒಂದು ಪ್ರತಿ ಇಟ್ಟುಕೊಂಡ.

ಕಾರ್ತೀಕದಲ್ಲಿ ಹೊರಡುವುದೆಂದು ದಿನ ಗೊತ್ತಾಗಿತ್ತು. ಇನ್ನು ನಾಲ್ಕು ದಿನವಿದೆ ಅನ್ನುವಾಗ ರತ್ನನ ಫೋನ್ ಬಂತು. "ಬಾವ, ಇವ್ರಿಗೆ ಸೊಂಟ ಹಿಡ್ಕೊಂಡೈತೆ. ಕೂರಕ್ಕೂ ಆಗ್ತಿಲ್ಲ. ನಾವು ಬರಲ್ಲ. ನೀವೂ ಈ ವರ್ಷ ಬಿಡಿ, ಅಕ್ಕನ್ನ ಕಟ್ಕೊಂಡು ಒಬ್ರೇ ಎಲ್ಲಿ ಒದ್ದಾಡ್ತೀರಾ." ಆಗಲಮ್ಮ, ಅವನಿಗೆ ಬಿಸಿನೀರಿನ ಶಾಖ ಕೊಡು ಅಂದೆ. ರಾತ್ರಿಯಿಡೀ ಯೋಚನೆ ಮಾಡಿದೆ. ಮುಂದಿನ ವರ್ಷಕ್ಕೆ ಪಾರ್ವತಿ ಹೇಗಿರುತ್ತಾಳೋ, ರತ್ನನಿಲ್ಲದೆ ಹರಕೆ ತೀರದಿದ್ದರೂ ಅವಳಿಗೆ ಗಂಗೆಯನ್ನಾದರೂ ತೋರಿಸೋಣ ಅನ್ನಿಸಿತು. ರೈಲಿನ ಟಿಕೆಟ್ ನನ್ನ ಕೈಯಲ್ಲೇ ಇತ್ತು. ರೂಮಿನ ವಿಷಯ ಹೇಳೋಣವೆಂದು ನಂಜುಂಡಪ್ಪನಿಗೆ ಮಾಡಿದರೆ ಸ್ವಿಚ್ ಆಫ್. ನೇರ ಹೋಟೆಲಿಗೇ ಮಾಡಿದೆ. ನಂಜುಂಡಪ್ಪನ ಹೆಸರಲ್ಲಿ ಎರಡೂ ರೂಮು ಹಾಗೇ ಇದೆ ಎಂದರು. ಪಾಪ, ಸೊಂಟ ನೋವಿನಲ್ಲೂ ನಮಗಾಗಿ ರೂಮು ಉಳಿಸಿದ್ದಾನಲ್ಲ ಎಂದು ಅವನ ಆರೋಗ್ಯಕ್ಕೂ ಸೇರಿಸಿ ಗುಬ್ಬಿಯಪ್ಪನಿಗೆ ಕೈ ಮುಗಿದು ಹೊರಟೆ.

ರೈಲಿನಲ್ಲಿ ಎರಡು ರಾತ್ರಿ ಪಾರ್ವತಿಯ ಸೆರಗಿನ ತುದಿಯನ್ನು ನನ್ನ ಪಂಚೆಗೆ ಗಂಟು ಹಾಕಿಕೊಂಡು ಮಲಗಿದೆ. ಕಾಶಿ ತಲುಪಿ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಟೆಲಿನ ಕೌಂಟರಿನಲ್ಲಿ ನಿಂತೆ. ಗುಮಾಸ್ತ ರಿಜಿಸ್ಟರ್ ತಿರುಗಿಸಿ ತೋರಿಸಿದ. ನಂಜುಂಡಪ್ಪ, ಗುಬ್ಬಿ, ಕರ್ನಾಟಕ. ರೂಮು ಎರಡು, ಜನ ನಾಲ್ಕು. ಅದೇ ದಿನ ಬೆಳಿಗ್ಗೆ ಎಂಟಕ್ಕೆ ಬಂದಿದ್ದಾರೆ. ವಿಮಾನದಲ್ಲಿ ಬಂದರಂತೆ, ಜೊತೆಗೆ ಅವರ ಅಂಗಡಿಯ ಪಕ್ಕದ ಗಂಡ ಹೆಂಡತಿ. ಈಗ ಹೊರಗೆ ಹೋಗಿದ್ದಾರೆ, ಬೇರೆ ರೂಮು ಖಾಲಿ ಇಲ್ಲ ಎಂದ.

ಆ ರಿಜಿಸ್ಟರಿನ ಸಾಲನ್ನು ಇನ್ನೊಂದು ಸಲ ಬೆರಳಿಟ್ಟು ಓದಿದೆ. ನನ್ನ ಆರು ತಿಂಗಳ ಭಾನುವಾರಗಳು ಅದರಲ್ಲಿದ್ದವು. ನಾನು ಹುಡುಕಿದ ಹೋಟೆಲು, ನಾನು ವಿಚಾರಿಸಿದ ಚಿಲಕ, ಅದರೊಳಗೆ ಬೇರೆ ಯಾರೋ. ಯಾರೋ ಅಪರಿಚಿತರು ಮೋಸ ಮಾಡಿದ್ದರೆ ಬೈದು ಮುಂದೆ ಹೋಗುತ್ತಿದ್ದೆ. ರತ್ನನೋ, ನನ್ನ ಹೆಂಡತಿಯೇ ಎತ್ತಿ ಆಡಿಸಿದ ಕೂಸು. ನನ್ನ ಪಕ್ಕದಲ್ಲಿ ಪಾರ್ವತಿ ಚೀಲ ಹಿಡಿದು ನಿಂತು, "ರತ್ನ ಬಂದ್ಲಾ?" ಎಂದು ಕೇಳಿದಳು. ಇಲ್ಲ ಅಂದೆ.

ಅಲ್ಲೇ ಕೂತು ಕಾಯಬಹುದಿತ್ತು. ಅವರು ಬಂದ ಮೇಲೆ ಮುಖಕ್ಕೆ ಹೊಡೆದ ಹಾಗೆ ಕೇಳಿ, ಮೂರನೇ ರೂಮನ್ನು ಬಿಡಿಸಿಕೊಳ್ಳಬಹುದಿತ್ತು. ನನ್ನ ಜಂಬ ಬಿಡಲಿಲ್ಲ. ನಾನು ಬಂದಿದ್ದೆ ಎಂದು ಹೇಳಬೇಡ ಎಂದು ಗುಮಾಸ್ತನಿಗೆ ಕೈ ಸನ್ನೆ ಮಾಡಿ ಹೊರಟೆ. ಮೂರು ಗಲ್ಲಿ ಆಚೆ ಒಂದು ಲಾಡ್ಜಿನಲ್ಲಿ ರೂಮು ಸಿಕ್ಕಿತು. ಅದರ ಬಾಗಿಲಿಗೆ ಚಿಲಕ ಇದ್ದದ್ದು ಸೊಂಟದ ಮಟ್ಟಕ್ಕೆ. ನೋಡಿದೆ, ನೋಡಿಯೂ ಹೂಂ ಅಂದೆ. ಇದು ನನ್ನ ತಪ್ಪು. ದೇವರ ಮುಂದೆಯೂ ನಿಮ್ಮ ಮುಂದೆಯೂ ಒಪ್ಪಿಕೊಳ್ಳುತ್ತೇನೆ.

ಮಾರನೆಯ ದಿನ ಕೇದಾರ ಘಾಟಿಗೆ ಹೋಗಬೇಕಿತ್ತು. ನನ್ನ ಪಟ್ಟಿಯ ಪ್ರಕಾರ ಸಂಜೆ ಹೋಗುವುದು. ಅವರ ಮುಖ ಅಲ್ಲಿ ಕಂಡರೆ ನನಗೆ ತಡೆಯುವುದಿಲ್ಲ ಎಂದು ಬೆಳಿಗ್ಗೆಯೇ ಕರೆದುಕೊಂಡು ಹೋಗಿ ಬಂದೆ. ಮಧ್ಯಾಹ್ನ ಅವಳು ಮಲಗಿದ್ದಳು. ಮೂರೂವರೆಗೆ ನಾನು ಸ್ನಾನಕ್ಕೆ ಹೋದೆ, ಎರಡು ಚೊಂಬು ನೀರು ಹುಯ್ದುಕೊಂಡು ಬಂದೆ. ಬಾಗಿಲು ತೆರೆದಿತ್ತು. ಚಪ್ಪಲಿ ಅಲ್ಲೇ ಇತ್ತು. ಅವಳಿರಲಿಲ್ಲ.

ಲಾಡ್ಜಿನ ಮ್ಯಾನೇಜರು ವಯಸ್ಸಾದವರು, ನನ್ನ ಜೊತೆ ಗಲ್ಲಿ ಗಲ್ಲಿ ತಿರುಗಿದರು. ಪೊಲೀಸ್ ಚೌಕಿಯಲ್ಲಿ ಫೋಟೋ ತೋರಿಸಿದೆವು, ದೊಡ್ಡ ಘಾಟಿನಲ್ಲಿ ಮೈಕಿನಲ್ಲಿ ಹೇಳಿಸಿದೆವು. ಅಲ್ಲಿ ಆಗಲೇ ಕಳೆದುಹೋದವರ ಹೆಸರುಗಳನ್ನು ಒಂದರ ಹಿಂದೆ ಒಂದು ಕೂಗುತ್ತಿದ್ದರು. ಆಮೇಲೆ ನಾನು ಮಾಡಿದ ಕೆಲಸ ಕೇಳಿ. ಆಟೋ ಹತ್ತಿ ಸೀದಾ ಬಸ್ ಸ್ಟ್ಯಾಂಡಿಗೆ ಹೋದೆ. ನನ್ನ ಹೆಂಡತಿ ಕಳೆದರೆ ಬಸ್ಸಿನಲ್ಲಿ ಸಿಗುತ್ತಾಳೆ, ನನಗೆ ಗೊತ್ತಿದ್ದದ್ದು ಅಷ್ಟೇ. ಒಂದೊಂದು ಬಸ್ಸಿಗೂ ಹತ್ತಿ ಇಳಿದೆ. ಕಂಡಕ್ಟರುಗಳಿಗೆ ಫೋಟೋ ಹಿಡಿದೆ. ಖಾಕಿ ಬಟ್ಟೆ ಹಾಕಿದ್ದವರೇ, ಆದರೆ ಒಬ್ಬರೂ ನನ್ನನ್ನು ಸಾರ್ ಎನ್ನಲಿಲ್ಲ, ಒಬ್ಬರಿಗೂ ಅವಳ ಮುಖ ಗೊತ್ತಿರಲಿಲ್ಲ.

ಆ ಇಡೀ ಊರಿನಲ್ಲಿ ಪಾರ್ವತಿಯನ್ನು ಕಂಡರೆ ಗುರುತು ಹಿಡಿಯುವವರು ಇಬ್ಬರು ಇದ್ದರು. ಇಬ್ಬರ ನಂಬರೂ ನನ್ನ ಜೇಬಿನಲ್ಲಿತ್ತು. ಮಾಡಲಿಲ್ಲ. ಎರಡು ಗಂಟೆ ಹುಡುಕಿದೆ, ಮಾಡಲಿಲ್ಲ.

ಕಾಲು ಸೋತು ಬಸ್ ಸ್ಟ್ಯಾಂಡಿನ ಸಿಮೆಂಟ್ ಬೆಂಚಿನ ಮೇಲೆ ಕೂತೆ. ಭಕ್ತರು ಕ್ಷಮಿಸಬೇಕು, ನಾನು ಪ್ರಾರ್ಥನೆ ಮಾಡಲಿಲ್ಲ, ಜಗಳ ಮಾಡಿದೆ. "ಗುಬ್ಬಿಯಪ್ಪ, ನೀನೂ ಅವರ ಜೊತೆ ಸೇರ್ಕೊಂಡ್ಯಾ? ಹರಕೆ ಹೊತ್ತೋಳು ಬೀದೀಲಿ, ಬದುಕಿದೋಳು ಹೋಟ್ಲಲ್ಲಿ. ಇದೇನಾ ನಿನ್ನ ನ್ಯಾಯ?" ಬೈಗುಳ ಖಾಲಿಯಾದ ಮೇಲೆ ಅಳು ಬಂತು. ಆಗ ಬೇಡಿಕೊಂಡೆ. "ಅವಳನ್ನ ಕೊಟ್ಟುಬಿಡು. ಯಾರ ಕೈಲಾದ್ರೂ ಸರಿ ಕೊಡು. ಕಳ್ಳನ ಕೈಲಾದ್ರೂ ಸರಿ, ಕೈ ಮುಗಿದು ಈಸ್ಕೋತೀನಿ."

ಫೋನ್ ಹೊಡೆದುಕೊಂಡಿತು. ನೋಡಿದರೆ, ರತ್ನ ಗುಬ್ಬಿ. ಮೈಯೆಲ್ಲ ಉರಿಯಿತು. ಗುಮಾಸ್ತ ಹೇಳಿಬಿಟ್ಟಿದ್ದಾನೆ, ಇವಳು ಏನೋ ಸಬೂಬು ಹೇಳಲು ಮಾಡಿದ್ದಾಳೆ ಎಂದುಕೊಂಡು ಕಟ್ ಮಾಡಿದೆ. ಮತ್ತೆ ಬಂತು. ಮತ್ತೆ ಕಟ್ ಮಾಡಿದೆ. ಇನ್ನು ಸ್ವಿಚ್ ಆಫ್ ಮಾಡೋಣವೆಂದರೆ, ಪೊಲೀಸ್ ಚೌಕಿಗೆ ಅದೇ ನಂಬರ್ ಕೊಟ್ಟಿದ್ದೆ. ಮೂರನೇ ಸಲ ಬಂದಾಗ ಬೈಯುವುದಕ್ಕೆಂದೇ ಎತ್ತಿದೆ.

"ಬಾವ, ಕಟ್ ಮಾಡ್ಬೇಡಿ" ಅಂದಳು ರತ್ನ. "ಅಕ್ಕ ನನ್ ಹತ್ರ ಅವ್ಳೆ. ಕೇದಾರ ಘಾಟಲ್ಲಿ. ಏನೂ ಆಗಿಲ್ಲ. ನೀವು ನಿಧಾನಕ್ಕೆ ಬನ್ನಿ."

ಘಾಟಿನ ಮೆಟ್ಟಿಲು ಇಳಿಯುವಾಗ ಮೇಲಿನಿಂದಲೇ ಇಬ್ಬರೂ ಕಂಡರು. ಪಾರ್ವತಿ ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡು ಕೂತಿದ್ದಳು. ಬೆಳಿಗ್ಗೆ ಬಂದಿದ್ದ ದಾರಿ ಅವಳ ಕಾಲಿಗೆ ಹೇಗೆ ನೆನಪಿತ್ತೋ, ನಿತ್ಯ ಸಂಜೆ ಮನೆಯಲ್ಲಿ ಕೂರುವ ಹೊತ್ತು ಅದು. ಏನೆಲ್ಲ ಮರೆತರೂ ಅವಳ ಕೈ ಅದೊಂದನ್ನು ಮರೆತಿರಲಿಲ್ಲ. ರತ್ನ ಬಾಟಲಿಯಲ್ಲಿ ಗಂಗೆಯ ನೀರು ತುಂಬಿ ಹನಿ ಹನಿಯಾಗಿ ಲಿಂಗದ ಮೇಲೆ ಬಿಡುತ್ತಿದ್ದಳು. ಪಾರ್ವತಿಯ ಮುಂದಿನ ಮೆಟ್ಟಿಲ ಮೇಲೆ ನಾಲ್ಕೈದು ನಾಣ್ಯ ಬಿದ್ದಿದ್ದವು. ಕೈ ಚಾಚಿ ಕೂತ ಮುದುಕಿ ಎಂದು ಯಾರೋ ಹೋಗುವವರು ಹಾಕಿದ್ದರು. ಇಳಿದು ಹೋಗಿ ಆ ನಾಣ್ಯಗಳನ್ನು ಒಂದೊಂದಾಗಿ ಆರಿಸಿ, ಅದೇ ಮೆಟ್ಟಿಲ ಮೇಲೆ ಕೂತೆ.

ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಗೆ ಸೇರಿಸಿ ಪಾರ್ವತಿ ನನ್ನ ಕಡೆ ನೋಡಿದಳು. "ಸಿಕ್ಕಿದ್ಲು ನೋಡ್ರೀ" ಅಂದಳು. "ಸ್ಕೂಲ್ ಬಿಟ್ಟು ಎಷ್ಟೊತ್ತಾಗಿತ್ತೋ ಏನೋ. ಒಬ್ಳೇ ನಿಂತ್ಕೊಂಡು ಅಳ್ತಿದ್ಲು."

ರತ್ನ ನನ್ನ ಮುಖ ನೋಡಲಿಲ್ಲ. ನಡೆದದ್ದನ್ನು ಹೇಳಿದಳು. ಅವರ ಜೊತೆ ಬಂದಿದ್ದ ಪಕ್ಕದಂಗಡಿಯ ಹೆಂಗಸು ಕೆಳಗೆ ಹೋಗಿ ಬಂದು, "ಯಾರೋ ನಮ್ಮೋರಿದ್ದಂಗವ್ರೆ ಕಣೇ, ಲಿಂಗ ಕೈಲಿಟ್ಕಂಡು ಕೂತವ್ರೆ, ಪಾಪ ಹತ್ರ ಒಂದ್ ತೊಟ್ಟು ನೀರೂ ಇಲ್ಲ" ಎಂದಳಂತೆ. ನಮ್ಮವರು ಎಂದ ಮೇಲೆ ನೀರಾದರೂ ಕೊಡೋಣ ಎಂದು ರತ್ನ ಬಾಟಲಿ ಹಿಡಿದು ಇಳಿದಳು. ಇಳಿದರೆ ಅಕ್ಕ.

"ಯಾಕಮ್ಮ ಹಿಂಗ್ ಮಾಡ್ದೆ?" ಅಂದೆ. ಬೈಯಬೇಕೆಂದು ಇಟ್ಟುಕೊಂಡದ್ದೆಲ್ಲ ಎಲ್ಲಿ ಹೋಯಿತೋ, ಅಷ್ಟೇ ಬಂದದ್ದು ಬಾಯಿಗೆ.

"ಹತ್ತು ದಿನಾನೂ ಅಕ್ಕನ ಹಿಂದೇನೇ ಓಡಬೇಕಾಗುತ್ತೆ, ಒಂದು ದೇವಸ್ಥಾನನೂ ನೆಮ್ಮದಿಯಾಗಿ ನೋಡಕ್ಕಾಗಲ್ಲ ಅಂತ ಇವ್ರಂದ್ರು ಬಾವ. ನಾನು ಹೂಂ ಅಂದೆ. ಇವ್ರದೊಂದೇ ಅಲ್ಲ, ನಂದೂ ತಪ್ಪು. ಅಕ್ಕ ನನ್ನೇ ಯಾರು ಅಂತ ಕೇಳಿದ್ಲಲ್ಲ ಹೋದ ಹಬ್ಬದಲ್ಲಿ, ಆವತ್ತಿಂದ ನಂಗೆ ಅವಳ ಮುಂದೆ ಕೂರಕ್ಕೇ ಭಯ."

ನಂಜುಂಡಪ್ಪ ನಾಲ್ಕು ಮೆಟ್ಟಿಲು ಮೇಲೆ ನಿಂತಿದ್ದ. ಸೊಂಟ ಚೆನ್ನಾಗಿಯೇ ಇತ್ತು. ಅವನ ಕೈಯಲ್ಲಿ ಆ ಜೆರಾಕ್ಸ್. ಕಸಿದುಕೊಂಡು ನೋಡಿದೆ, ನನ್ನದೇ ಅಕ್ಷರ: ಎರಡನೇ ದಿನ, ಸಂಜೆ ನಾಲ್ಕೂವರೆಯಿಂದ ಆರು, ಕೇದಾರ ಘಾಟ್, ಜನ ಕಮ್ಮಿ, ಪಾರ್ವತಿ ಪೂಜೆಗೆ ಕೂರಬಹುದು. ಅವಳಿಗಾಗಿ ನಾನು ಬರೆದಿಟ್ಟ ಹೊತ್ತಿಗೆ ಸರಿಯಾಗಿ ಅವರು ಅಲ್ಲಿಗೆ ಬಂದಿದ್ದರು. ನಾನು ಸಿಟ್ಟಿನಲ್ಲಿ ನನ್ನ ಪಟ್ಟಿಯನ್ನೇ ಬಿಟ್ಟಿದ್ದೆ, ಕದ್ದವರು ಒಂದು ನಿಮಿಷವೂ ತಪ್ಪದೆ ಪಾಲಿಸಿದ್ದರು. ಅವರು ಮೋಸ ಮಾಡದೆ ಟೂರ್ ಕಂಪನಿಯ ಬಸ್ಸು ಹತ್ತಿದ್ದರೆ, ಇಲ್ಲವೇ ಗುಬ್ಬಿಯಲ್ಲೇ ಉಳಿದಿದ್ದರೆ, ಆ ಹೊತ್ತಿಗೆ ಆ ಮೆಟ್ಟಿಲ ಮೇಲೆ ಪಾರ್ವತಿಯನ್ನು ಅಕ್ಕ ಎನ್ನುವವರು ಯಾರೂ ಇರುತ್ತಿರಲಿಲ್ಲ. ಇದನ್ನು ನಾನು ಯೋಚಿಸಿದಷ್ಟೂ ನನಗೆ ಅವರ ಮೇಲಿನ ಕೋಪ ಕಮ್ಮಿಯಾಗುವುದಿಲ್ಲ, ಗುಬ್ಬಿಯಪ್ಪನ ಮೇಲಿನ ಭಕ್ತಿಯೂ ಕಮ್ಮಿಯಾಗುವುದಿಲ್ಲ. ಎರಡೂ ಒಟ್ಟಿಗೆ ಇವೆ.

ಅಷ್ಟರಲ್ಲಿ ಪಾರ್ವತಿ ರತ್ನನ ಕೈ ಹಿಡಿದು ನೀರಿನ ಹತ್ತಿರ ಕರೆದುಕೊಂಡು ಹೋದಳು. "ಕೂತ್ಕೋ, ನೀನೂ ಲಿಂಗ ತೆಗಿ. ಹರಕೆ ಐತೆ" ಅಂದಳು. ನಾವು ಯಾರೂ ಅವಳಿಗೆ ಜ್ಞಾಪಿಸಿರಲಿಲ್ಲ. ರತ್ನ ಅಂಗೈ ಚಾಚಿದಳು. ಐವತ್ತೆಂಟು ವರ್ಷದ ಅಕ್ಕ ನಲವತ್ತಾರರ ತಂಗಿಗೆ ಗಂಗೆಯ ನೀರು ಎರೆದು ಪೂಜೆ ಮಾಡಿಸಿದಳು. ಇಲ್ಲಿ ವಿಭೂತಿ ಹಚ್ಚು, ಇನ್ನೊಂದು ಸಲ ನೀರು ಬಿಡು ಎಂದು ಒಂದೊಂದನ್ನೂ ಹೇಳಿಕೊಟ್ಟಳು.

ಅವತ್ತು ಅಕ್ಕ ತಂಗಿ ಮೂರನೇ ನಂಬರಿನ ರೂಮಿನಲ್ಲಿ, ಮೇಲಿನ ಚಿಲಕ ಹಾಕಿಕೊಂಡು ಮಲಗಿದರು. ನಾನೂ ನಂಜುಂಡಪ್ಪನೂ ನನ್ನ ಲಾಡ್ಜಿನಲ್ಲಿ. ಬೆಳಿಗ್ಗೆ ಎದ್ದು ಅವನು, "ತಪ್ಪಾಯ್ತು ಅಣ್ಣ. ನಿಮ್ ಪ್ಲಾನ್ ಮಾತ್ರ ಎಲ್ಲೂ ಐದು ನಿಮಿಷ ಆಚೀಚೆ ಆಗ್ಲಿಲ್ಲ" ಅಂದ. ಇದನ್ನು ಹೊಗಳಿಕೆ ಎಂದು ತಿಳಿಯಬೇಕೋ ಏನೋ, ನಾನು ಹಲ್ಲುಜ್ಜಲು ಹೋದೆ.

ಕಾಶಿಗೆ ಹೋದವರು ಇಷ್ಟವಾದ ಒಂದನ್ನು ಅಲ್ಲೇ ಬಿಟ್ಟು ಬರುವ ವಾಡಿಕೆ ನಿಮಗೆ ಗೊತ್ತಿದೆ. ಕೋಪವನ್ನೇ ಬಿಡೋಣ ಎಂದು ನೀರಿಗಿಳಿದೆ. ಕಣ್ಣು ಮುಚ್ಚಿದರೆ ಆ ರಿಜಿಸ್ಟರು ಕಂಡಿತು. ಸುಳ್ಳು ಹೇಳುವುದಕ್ಕೆ ಗಂಗೆ ತಕ್ಕ ಜಾಗವಲ್ಲ, ಹಲಸಿನಹಣ್ಣು ಬಿಟ್ಟೆ. ಪಾರ್ವತಿಯನ್ನು ಕೇಳಿದರೆ, "ನಾನೇನೂ ಬಿಡಲ್ಲ" ಅಂದು ರತ್ನನ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು.

ಊರಿಗೆ ಬಂದು ಐದು ತಿಂಗಳಾಯಿತು. ಭಾನುವಾರ ಈಗ ನಾವು ಗುಬ್ಬಿಗೆ ಹೋಗುವುದಿಲ್ಲ, ರತ್ನನೇ ಬಸ್ಸಿನಲ್ಲಿ ಶಿರಾ ಗೇಟಿಗೆ ಬರುತ್ತಾಳೆ, ಅಕ್ಕನ ಪೂಜೆಗೆ ಪಕ್ಕದಲ್ಲಿ ಕೂರುತ್ತಾಳೆ. ಪಾರ್ವತಿಗೆ ಕೆಲವು ದಿನ ಅವಳ ಗುರುತು ಸಿಗುವುದಿಲ್ಲ. ಆಗ ರತ್ನ ನೀರಿನ ತಂಬಿಗೆ ಹಿಡಿಯುತ್ತಾಳೆ. ನಂಜುಂಡಪ್ಪನ ಹತ್ತಿರ ನಾನು ಬಸ್ಸಿನ ಟೈಮು ಬಿಟ್ಟು ಬೇರೇನೂ ಮಾತಾಡುವುದಿಲ್ಲ. ಮುಂದೆ ನೋಡೋಣ. ಗುಬ್ಬಿಯಪ್ಪನ ಗದ್ದಿಗೆಗೆ ಹೋಗಿ, ಬೈದದ್ದಕ್ಕೆ ತಪ್ಪು ಕಾಣಿಕೆ ಹಾಕಿ ಬಂದಿದ್ದೇನೆ. ಯಾರ ಕೈಯಿಂದಾದರೂ ಸರಿ ಎಂದು ಕೇಳಿದವನು ನಾನೇ. ಅವನು ನನ್ನ ಮಾತನ್ನೇ ಹಿಡಿದು, ನನಗೆ ಯಾರಿಂದ ಈಸಿಕೊಳ್ಳಲು ಬಹಳ ಕಷ್ಟವೋ ಅವರ ಕೈಯಿಂದಲೇ ಕೊಟ್ಟ. ಅವನು ಇದ್ದಾನೆ ಎಂಬುದಕ್ಕೆ ನನಗೆ ಇನ್ನೊಂದು ಸಾಕ್ಷಿ ಬೇಡ.

ಕಾಶಿಗೆ ಸ್ವಂತವಾಗಿ ಹೋಗಬೇಕೆನ್ನುವವರು ನನ್ನ ಪಟ್ಟಿ ಕೇಳುತ್ತಿದ್ದೀರಿ. ಬಂದು ಜೆರಾಕ್ಸ್ ಮಾಡಿಸಿಕೊಳ್ಳಿ, ಅದರಲ್ಲಿ ಬಚ್ಚಿಡುವಂಥದ್ದು ಏನೂ ಇಲ್ಲ. ಮರೆವಿನವರು ಜೊತೆಗಿದ್ದರೆ ಮೇಲೆ ಚಿಲಕವಿರುವ ರೂಮನ್ನೇ ಕೇಳಿ, ಸಂಜೆಯ ಹೊತ್ತು ಕೇದಾರ ಘಾಟಿಗೆ ಹೋಗಿ. ಕೊನೆಯ ಹಾಳೆಯಲ್ಲಿ, ಬಂದ ಮೇಲೆ, ಕೆಂಪು ಪೆನ್ನಿನಲ್ಲಿ ಒಂದು ಸಾಲು ಸೇರಿಸಿದ್ದೇನೆ. ಫೋನ್ ಬಂದರೆ, ಯಾರ ಹೆಸರು ಕಾಣಿಸಿದರೂ, ಮೊದಲನೇ ಸಲಕ್ಕೇ ಎತ್ತಿ.